ಹಾರುವ ದೋಣಿಯ ಕ್ಯಾಪ್ಟನ್ ಮ್ಯೂಸಿಕ್

ಬೆಳ್ಳಂದೂರು ಕೆರೆ ಅಂದ ಕೂಡಲೇ ಬೆಂಗಳೂರಿನವರಿಗೆ ನೆನಪಾಗುವುದು ನೊರೆ. 2015ರಲ್ಲಿ ಆ ನೊರೆಗೇ ಬೆಂಕಿ ಹತ್ತಿಕೊಂಡು ದೇಶಕ್ಕೆಲ್ಲ ಸುದ್ದಿಯಾಗಿದ್ದು ಇನ್ನೊಂದು ನೆನಪು. ಆದರೆ ಇದೇ ಕೆರೆಯ ನೀರಿನ ಮೇಲೆ ಒಂದು ಕಾಲದಲ್ಲಿ ವಿಮಾನಗಳು ಬಂದು ಇಳಿಯುತ್ತಿದ್ದವು ಅಂದ್ರೆ ನಂಬ್ತೀರಾ?

ನಿಜ. ಎರಡನೇ ಮಹಾಯುದ್ಧದ ಕಾಲದ ಮಾತು. 1940ರ ಕೊನೆಯಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಜೊತೆ ಸೇರಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ (ಈಗಿನ ಎಚ್‌ಎಎಲ್) 1943ರಿಂದ ಅಮೆರಿಕದ ಸೇನೆಯ ಉಸ್ತುವಾರಿಯಲ್ಲಿತ್ತು. ಯುದ್ಧದಲ್ಲಿ ಸವೆದ ವಿಮಾನಗಳನ್ನು ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಕಳಿಸುವುದು ಅಲ್ಲಿನ ಮುಖ್ಯ ಕೆಲಸ. ಹಾಗೆ ಬರುತ್ತಿದ್ದವುಗಳಲ್ಲಿ ಕ್ಯಾಟಲಿನಾ ಅನ್ನುವ ಸಮುದ್ರ ವಿಮಾನಗಳೂ ಇದ್ದವು. ಇವುಗಳ ಹೊಟ್ಟೆ ದೋಣಿಯ ಆಕಾರದ್ದು, ಹಾಗಾಗಿ ನೀರೇ ಇವಕ್ಕೆ ರನ್‌ವೇ. ಸಮುದ್ರದಿಂದ ಮುನ್ನೂರು ಕಿಲೋಮೀಟರ್ ದೂರ ಇರುವ ಬೆಂಗಳೂರಿನಲ್ಲಿ ಅವು ಇಳಿಯಬೇಕಾದರೆ ಕೆರೆಯೇ ಗತಿ. ಬೆಳ್ಳಂದೂರಿನಲ್ಲಿ ಇಳಿದು, ದಡಕ್ಕೆ ಎಳೆಸಿಕೊಂಡು, ಅಲ್ಲಿಂದ ಕಾರ್ಖಾನೆಗೆ. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಕ್ಯಾಬಿನ ಕಿಟಕಿಯಿಂದ ನೋಡುವಾಗೆಲ್ಲ ನನಗೆ ಇದೇ ಯೋಚನೆ :)

ಈ ಕ್ಯಾಟಲಿನಾಗಳ ಬಗ್ಗೆ ಓದುತ್ತಾ ಹೋದಾಗ ಇನ್ನೊಂದು ಪ್ರಶ್ನೆ ಹುಟ್ಟಿತು. ಯುದ್ಧಕ್ಕೆ ಮೊದಲೇ ಇಂಥ ವಿಮಾನಗಳಲ್ಲಿ ಮಹಾಸಾಗರಗಳನ್ನು ದಾಟುವುದನ್ನು ಕಲಿತವರು ಯಾರು? ಆಗ ಜಿಪಿಎಸ್ ಇಲ್ಲ, ರಾಡಾರ್ ಇಲ್ಲ, ಹವಾಮಾನದ ಉಪಗ್ರಹ ಇಲ್ಲ. ಹುಡುಕುತ್ತಾ ಹೋದಷ್ಟೂ ಒಂದೇ ಹೆಸರು ಮತ್ತೆ ಮತ್ತೆ ಎದುರಾಗುತ್ತಿತ್ತು. ಎಡ್ವಿನ್ ಮ್ಯೂಸಿಕ್. ಸಂಗೀತಕ್ಕೂ ಈತನಿಗೂ ಸಂಬಂಧವಿಲ್ಲ, ಅದು ಮನೆತನದ ಹೆಸರು ಅಷ್ಟೆ. ಪ್ಯಾನ್ ಅಮೆರಿಕನ್ ಏರ್‌ವೇಸ್ ಕಂಪನಿಯ ಮುಖ್ಯ ಪೈಲಟ್. ಶಾಂತ ಸಾಗರದ ಮೇಲೆ ಅಂಚೆ ವಿಮಾನದ ದಾರಿಯನ್ನು ತೆರೆದವನು. ಈಗ ಈತನ ಹೆಸರು ಅಮೆರಿಕದಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ.

ಮ್ಯೂಸಿಕ್ ಹುಟ್ಟಿದ್ದು 1894ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ. ಚಿಕ್ಕವನಿದ್ದಾಗಲೇ ಮನೆಯವರು ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿದರು. 1910ರಲ್ಲಿ ಲಾಸ್ ಏಂಜಲಿಸ್ ಹತ್ತಿರ ಡೊಮಿಂಗೆಜ್ ಎಂಬಲ್ಲಿ ಅಮೆರಿಕದ ಮೊದಲ ದೊಡ್ಡ ವಿಮಾನ ಮೇಳ ನಡೆಯಿತು. ರೈಟ್ ಸಹೋದರರು ಮೊದಲು ಹಾರಿ ಆಗಿನ್ನೂ ಆರೇ ವರ್ಷ ಕಳೆದಿತ್ತು. ಆ ಮೇಳ ನೋಡಿದ ಹುಡುಗನಿಗೆ ಹುಚ್ಚು ಹಿಡಿಯಿತು. ಗೆಳೆಯರ ಜೊತೆ ಸೇರಿ ತಾವೇ ಒಂದು ವಿಮಾನ ಕಟ್ಟಿದರು. ಅದು ಕೆಲವೇ ಅಡಿ ಮೇಲೇರಿ ಕೆಳಗೆ ಬಿದ್ದು ಮುರಿಯಿತು. ಆಮೇಲೆ ಸರಿಯಾಗಿ ಹಾರುವುದನ್ನು ಕಲಿತು, ಜಾತ್ರೆ ಉತ್ಸವಗಳಲ್ಲಿ ಜನರೆದುರು ಲಾಗ ಹಾಕಿ ತೋರಿಸುವ ಪೈಲಟ್ ಆದ. ಆಗಿನ ಪೋಸ್ಟರುಗಳಲ್ಲಿ ಅವನ ಹೆಸರು 'ಡೇರ್‌ಡೆವಿಲ್ ಮ್ಯೂಸಿಕ್'. ನಮ್ಮ ಕಡೆ ಜಾತ್ರೆಯ ಮರಣಬಾವಿಯಲ್ಲಿ ಬೈಕ್ ಓಡಿಸುವವರನ್ನು ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅದೇ ಕಸುಬು.

ಈ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಯಾಕಂದ್ರೆ ಇಪ್ಪತ್ತು ವರ್ಷ ಕಳೆಯುವುದರೊಳಗೆ ಅದೇ ಮನುಷ್ಯನಿಗೆ ಬಂದ ಅಡ್ಡಹೆಸರು 'ಮೆಟಿಕ್ಯುಲಸ್ ಮ್ಯೂಸಿಕ್'. ಅಂದರೆ ಪ್ರತಿಯೊಂದನ್ನೂ ಎರಡೆರಡು ಸಲ ನೋಡುವ, ಅತಿ ಅಚ್ಚುಕಟ್ಟಿನ ಮನುಷ್ಯ.

ಮೊದಲ ಮಹಾಯುದ್ಧದಲ್ಲಿ ಮ್ಯೂಸಿಕ್ ಹೊಸ ಪೈಲಟ್‌ಗಳಿಗೆ ಪಾಠ ಹೇಳಿಕೊಟ್ಟ. ಯುದ್ಧ ಮುಗಿದ ಮೇಲೆ ಏರೋಮರೀನ್ ಎಂಬ ಕಂಪನಿ ಸೇರಿದ. ಅದು ಫ್ಲಾರಿಡಾದಿಂದ ಕ್ಯೂಬಾದ ಹವಾನಾಕ್ಕೆ ನೀರಿನ ಮೇಲೆ ಇಳಿಯುವ ವಿಮಾನಗಳನ್ನು ಓಡಿಸುತ್ತಿತ್ತು. ಪ್ರಯಾಣಿಕರು ಸಿಗುತ್ತಿದ್ದುದಕ್ಕೆ ಒಂದು ಮಜವಾದ ಕಾರಣವೂ ಇತ್ತು. 1920ರಿಂದ ಅಮೆರಿಕದಲ್ಲಿ ಪಾನನಿಷೇಧ, ಹವಾನಾದಲ್ಲಿ ಅಂಥದ್ದೇನೂ ಇಲ್ಲ! ಆದರೂ ಲೆಕ್ಕ ಸರಿಹೋಗದೆ ಕಂಪನಿ ಕೆಲವೇ ವರ್ಷಗಳಲ್ಲಿ ಮುಚ್ಚಿತು. 1927ರಲ್ಲಿ ಹ್ವಾನ್ ಟ್ರಿಪ್ ಎಂಬ ಇಪ್ಪತ್ತೆಂಟು ವರ್ಷದ ಮಹತ್ವಾಕಾಂಕ್ಷಿ ಪ್ಯಾನ್ ಅಮೆರಿಕನ್ ಕಂಪನಿಯನ್ನು ಕೈಗೆ ತೆಗೆದುಕೊಂಡು ಅದೇ ಕೀ ವೆಸ್ಟ್-ಹವಾನಾ ದಾರಿಯಲ್ಲಿ ಅಂಚೆ ಸಾಗಿಸಲು ಶುರು ಮಾಡಿದ. ಆ ದಾರಿಯ ಗಾಳಿ, ಮಳೆ, ಅಲೆ ಎಲ್ಲ ಗೊತ್ತಿದ್ದ ಮ್ಯೂಸಿಕ್ ಅದೇ ವರ್ಷ ಅಲ್ಲಿಗೆ ಸೇರಿದ. ಮುಂದೆ ಸಾಯುವವರೆಗೂ ಅದೇ ಕಂಪನಿ.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳಬೇಕು. ಬೋರಾದರೆ ಮುಂದಿನ ಪ್ಯಾರಾಗೆ ಹಾರಿ.

ಆ ಕಾಲದಲ್ಲಿ ದೂರದ ಊರಿಗೆ ಹೋಗಲು ನೀರಿನ ವಿಮಾನವನ್ನೇ ಯಾಕೆ ಆರಿಸಿಕೊಂಡರು? ದೊಡ್ಡ ವಿಮಾನಕ್ಕೆ ಉದ್ದನೆಯ, ಗಟ್ಟಿಯಾದ ರನ್‌ವೇ ಬೇಕು. 1930ರ ಸುಮಾರಿಗೆ ಪ್ರಪಂಚದ ಬಹುತೇಕ ಕಡೆ ಅದು ಇರಲಿಲ್ಲ. ಬಂದರು ಮಾತ್ರ ಎಲ್ಲ ಕಡೆ ಇತ್ತು. ನೀರನ್ನು ಯಾರೂ ಸಮತಟ್ಟು ಮಾಡಬೇಕಾಗಿಲ್ಲ, ಎಷ್ಟು ಉದ್ದ ಬೇಕಾದರೂ ಓಡಬಹುದು. ಆದರೆ ಕಷ್ಟಗಳೂ ಇವೆ. ನೀರು ವಿಮಾನದ ಹೊಟ್ಟೆಯನ್ನು ಅಂಟಿಸಿಕೊಂಡು ಬಿಡುವುದೇ ಇಲ್ಲ. ಅದಕ್ಕೇ ಹೊಟ್ಟೆಯ ಅಡಿಯಲ್ಲಿ ಒಂದು ಮೆಟ್ಟಿಲಿನಂಥ ಕಡಿತ ಮಾಡಿರುತ್ತಾರೆ. ವೇಗ ಹೆಚ್ಚಿದಂತೆ ವಿಮಾನ ಆ ಮೆಟ್ಟಿಲಿನ ಮೇಲೆ ಎದ್ದು ನಿಂತು ನೀರನ್ನು ಸವರಿಕೊಂಡು ಓಡುತ್ತದೆ, ಆಮೇಲಷ್ಟೇ ಏಳುತ್ತದೆ. ವಿಚಿತ್ರ ಅಂದ್ರೆ ನೀರು ಕನ್ನಡಿಯಂತೆ ನಿಶ್ಚಲವಾಗಿದ್ದರೆ ಇನ್ನೂ ತೊಂದರೆ. ಏಳುವಾಗ ಅಂಟು ಜಾಸ್ತಿ, ಇಳಿಯುವಾಗ ನೀರು ಎಷ್ಟು ಕೆಳಗಿದೆ ಅನ್ನುವುದೇ ಕಣ್ಣಿಗೆ ತಿಳಿಯುವುದಿಲ್ಲ. ಸಣ್ಣ ಅಲೆ ಇದ್ದರೆ ಪೈಲಟ್‌ಗೆ ಖುಷಿ. ದೊಡ್ಡ ಅಲೆ ಇದ್ದರೆ ಕತೆ ಮುಗಿಯಿತು.

ಈ ಕೊನೆಯ ಮಾತೇ ಮುಖ್ಯ. ದೋಣಿಯ ಹೊಟ್ಟೆ ಇದೆಯಲ್ಲ, ಎಂಜಿನ್ ಕೆಟ್ಟರೆ ಸಮುದ್ರದ ಮೇಲೆ ಎಲ್ಲಿ ಬೇಕಾದರೂ ಇಳಿಯಬಹುದು ಅಂತ ಆಗಿನ ಪ್ರಯಾಣಿಕರು ನಂಬಿದ್ದರು. ಇದು ಬಂದರಿನೊಳಗೆ, ಲಗೂನಿನೊಳಗೆ ನಿಜ. ತೆರೆದ ಮಹಾಸಾಗರದಲ್ಲಿ ಆಳೆತ್ತರದ ಅಲೆಗಳ ಮೇಲೆ ಇಪ್ಪತ್ತು ಟನ್ ಭಾರದ ವಿಮಾನವನ್ನು ಇಳಿಸಿದರೆ ಹೊಟ್ಟೆ ಒಡೆದುಹೋಗುವ ಸಾಧ್ಯತೆಯೇ ಹೆಚ್ಚು. ಪೈಲಟ್‌ಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಸಾಗರದ ನಡುವೆ ಏನಾದರೂ ಕೆಟ್ಟರೆ ನಿಜವಾದ ದಾರಿಗಳು ಎರಡೇ: ಮುಂದಕ್ಕೆ ಹೋಗಿ ತಲುಪುವುದು, ಇಲ್ಲವೇ ವಾಪಸ್ ಬರುವುದು.

ವಾಪಸ್ ಬರುವುದನ್ನು ಪ್ಯಾನ್ ಅಮೆರಿಕನ್ ಕಂಪನಿ ಒಂದು ಶಾಸ್ತ್ರವನ್ನಾಗಿಯೇ ಮಾಡಿತು. ಅದರ ಹಿಂದೆ ಇಬ್ಬರಿದ್ದರು. ಒಬ್ಬ ಆಂದ್ರೆ ಪ್ರೀಸ್ಟರ್, ಡಚ್ ಮೂಲದ ಮುಖ್ಯ ಇಂಜಿನಿಯರ್, ಶಿಸ್ತಿನ ವಿಷಯದಲ್ಲಿ ಹೆಡ್‌ಮಾಸ್ಟರ್. ಇನ್ನೊಬ್ಬ ಹ್ಯೂಗೊ ಲಾಯ್ಟರಿಟ್ಸ್, ರೇಡಿಯೊ ಇಂಜಿನಿಯರ್. 1928ರಲ್ಲಿ ಕಂಪನಿಯ 'ಜನರಲ್ ಮಚಾಡೊ' ಎಂಬ ವಿಮಾನ ಹವಾನಾದಿಂದ ಬರುವಾಗ ದಾರಿ ತಪ್ಪಿ, ಇಂಧನ ಮುಗಿದು ಸಮುದ್ರಕ್ಕೆ ಬಿತ್ತು, ಒಬ್ಬ ಪ್ರಯಾಣಿಕ ಸತ್ತ. ರೇಡಿಯೊ ಪರೀಕ್ಷೆಗೆಂದು ಆ ವಿಮಾನದಲ್ಲಿ ಲಾಯ್ಟರಿಟ್ಸ್ ಸ್ವತಃ ಇದ್ದ! ಬದುಕಿ ಬಂದವನು ಆಮೇಲೆ ಸುಮ್ಮನಿರಲಿಲ್ಲ. ವಿಮಾನ ಕಳಿಸುವ ರೇಡಿಯೊ ಸಿಗ್ನಲ್ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ನೆಲದ ಮೇಲಿಂದಲೇ ಕಂಡುಹಿಡಿದು, ನೀನು ಇಂಥ ದಿಕ್ಕಿನಲ್ಲಿದ್ದೀಯ ಎಂದು ಪೈಲಟ್‌ಗೆ ತಿಳಿಸುವ ವ್ಯವಸ್ಥೆಯನ್ನು ಸಾವಿರಾರು ಕಿಲೋಮೀಟರ್‌ವರೆಗೆ ಕೆಲಸ ಮಾಡುವಂತೆ ಬೆಳೆಸಿದ. ಶಾಂತ ಸಾಗರ ದಾಟಲು ಸಾಧ್ಯವಾಗಿದ್ದರಲ್ಲಿ ದೊಡ್ಡ ಪಾಲು ಇದರದ್ದೇ.

ಪೈಲಟ್‌ಗಳಿಗೂ ಓದು ತಪ್ಪುತ್ತಿರಲಿಲ್ಲ. ಕಂಪನಿಗೆ ಹೊಸದಾಗಿ ಸೇರುತ್ತಿದ್ದ ಹುಡುಗರಲ್ಲಿ ಎಷ್ಟೋ ಜನ ಇಂಜಿನಿಯರಿಂಗ್ ಪದವೀಧರರು (ನಮ್ಮವರೇ!). ಎಂಜಿನ್ ಬಿಚ್ಚುವುದು, ನಕ್ಷತ್ರ ನೋಡಿ ಜಾಗ ಲೆಕ್ಕ ಹಾಕುವುದು, ಮೋರ್ಸ್ ಸಂಕೇತ, ಹವಾಮಾನ, ಎಲ್ಲ ಕಲಿತು, ಹಲವು ವರ್ಷ ಸಹಾಯಕರಾಗಿ ದುಡಿದ ಮೇಲೆ 'ಮಾಸ್ಟರ್ ಆಫ್ ಓಷನ್ ಫ್ಲೈಯಿಂಗ್ ಬೋಟ್ಸ್' ಎಂಬ ಪದವಿ. ಸಮವಸ್ತ್ರ ಕೂಡ ಹಡಗಿನ ಕ್ಯಾಪ್ಟನ್‌ಗಳಂತೆ. ಈ ಇಡೀ ವ್ಯವಸ್ಥೆಗೆ ಒಂದು ಮುಖ ಇದ್ದರೆ ಅದು ಮ್ಯೂಸಿಕ್‌ನದು. ಹೊರಡುವ ಮುಂಚೆ ಎಲ್ಲವನ್ನೂ ತಾನೇ ನೋಡಬೇಕು. ಮನಸ್ಸಿಗೆ ಸರಿ ಬರದಿದ್ದರೆ ಹೊರಡುವುದಿಲ್ಲ. ಮಾತು ಬಹಳ ಕಮ್ಮಿ.

1934ರ ಆಗಸ್ಟ್ 1ರಂದು ಹೊಸ ಸಿಕೋರ್ಸ್ಕಿ ಎಸ್-42 ವಿಮಾನದಲ್ಲಿ ಮ್ಯೂಸಿಕ್, ಚಾರ್ಲ್ಸ್ ಲಿಂಡ್‌ಬರ್ಗ್ ಮತ್ತು ಸಿಕೋರ್ಸ್ಕಿ ಕಂಪನಿಯ ಪೈಲಟ್ ಬೋರಿಸ್ ಸೆರ್ಗಿಯೆವ್ಸ್ಕಿ ಒಂದೇ ದಿನದಲ್ಲಿ ಎಂಟು ವಿಶ್ವದಾಖಲೆ ಮಾಡಿದರು. ಮರುದಿನದ ಪತ್ರಿಕೆಗೆ ಅದೇ ಸುದ್ದಿ. ಆದರೆ ನನಗೆ ಅದಕ್ಕಿಂತ ದೊಡ್ಡದು ಅನಿಸುವುದು 1935ರ ಏಪ್ರಿಲ್ ತಿಂಗಳ ಪ್ರಯಾಣ.

ಕ್ಯಾಲಿಫೋರ್ನಿಯಾದಿಂದ ಹವಾಯಿಯ ಹೊನೊಲುಲುವಿಗೆ ಸುಮಾರು 3,900 ಕಿ.ಮೀ. ನಡುವೆ ಇಳಿಯಲು ಒಂದು ಕಲ್ಲು ಕೂಡ ಇಲ್ಲ. ಎಸ್-42ರ ಸೀಟುಗಳನ್ನೆಲ್ಲ ಕಿತ್ತು ಆ ಜಾಗದಲ್ಲಿ ಹೆಚ್ಚುವರಿ ಟ್ಯಾಂಕ್ ಕೂರಿಸಿದರು. ಹೋಗುವಾಗ ಸುಮಾರು ಹದಿನೆಂಟು ಗಂಟೆಯಲ್ಲಿ ಮುಟ್ಟಿದರು. ಬರುವಾಗ ಎದುರುಗಾಳಿ. ಗಂಟೆಗಳು ಉರುಳಿದರೂ ದಡ ಇಲ್ಲ. 23 ಗಂಟೆಗೂ ಹೆಚ್ಚು ಹಾರಿ ಕೊನೆಗೂ ಅಲಮೀಡಾದಲ್ಲಿ ಇಳಿದಾಗ ಟ್ಯಾಂಕಿನ ತಳ ಕಾಣುತ್ತಿತ್ತು. ಇಂಥ ಅನುಭವಗಳಿಂದಲೇ ಪ್ಯಾನ್ ಅಮೆರಿಕನ್‌ನವರು ಒಂದು ಗ್ರಾಫ್ ಬಳಸುವುದನ್ನು ರೂಢಿ ಮಾಡಿಕೊಂಡರು. ಅದರ ಹೆಸರೇ 'ಹೌಗೋಸಿಟ್'. ಅಂದರೆ ಹೇಗೆ ನಡೀತಿದೆ ಅಂತ! ಎಷ್ಟು ದೂರ ಬಂದೆವು, ಎಷ್ಟು ಇಂಧನ ಉಳಿದಿದೆ ಅನ್ನುವುದನ್ನು ಹಾರುತ್ತಾ ಹಾರುತ್ತಾ ಬರೆದುಕೊಳ್ಳುತ್ತಾ ಹೋಗುವುದು. ಒಂದು ಬಿಂದುವಿನವರೆಗೆ ವಾಪಸ್ ಹೋಗಲು ಸಾಕಷ್ಟು ಇಂಧನ ಇರುತ್ತದೆ. ಅದನ್ನು ದಾಟಿದ ಮೇಲೆ ಮುಂದಕ್ಕೆ ಹೋಗುವುದೊಂದೇ ದಾರಿ. ಕ್ಯಾಪ್ಟನ್ ಆದವನಿಗೆ ಆ ಬಿಂದು ಎಲ್ಲಿದೆ ಅನ್ನುವುದು ಪ್ರತಿ ನಿಮಿಷವೂ ಗೊತ್ತಿರಬೇಕು.

ಅದೇ ವರ್ಷ ನವೆಂಬರ್ 22. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಲಮೀಡಾದಲ್ಲಿ ಜಾತ್ರೆಯಂತೆ ಜನ. ಹೊಸ ಮಾರ್ಟಿನ್ ಎಂ-130 ವಿಮಾನ, ಹೆಸರು 'ಚೈನಾ ಕ್ಲಿಪ್ಪರ್'. ನಾಲ್ಕು ಎಂಜಿನ್, ರೆಕ್ಕೆಯ ತುದಿಯಿಂದ ತುದಿಗೆ 130 ಅಡಿ. ಒಳಗೆ ಒಂದು ಲಕ್ಷಕ್ಕೂ ಹೆಚ್ಚು ಕಾಗದ. ಏಳು ಜನ ಸಿಬ್ಬಂದಿ, ಪ್ರಯಾಣಿಕರಿಲ್ಲ. ಭಾಷಣ, ರೇಡಿಯೊ ಪ್ರಸಾರ ಎಲ್ಲ ಮುಗಿದು ವಿಮಾನ ನೀರು ಬಿಟ್ಟೆದ್ದಿತು. ಆದರೆ ಬೇಗ ಮೇಲೇರಲೇ ಇಲ್ಲ, ಅಷ್ಟು ಭಾರ. ಎದುರಿಗೆ ಆಗ ಕಟ್ಟುತ್ತಿದ್ದ ಬೇ ಬ್ರಿಡ್ಜ್, ತೂಗುವ ತಂತಿಗಳು. ಸೇತುವೆಯ ಮೇಲಿಂದ ದಾಟಲು ಆಗುವುದಿಲ್ಲ ಅನ್ನುವುದು ಕಂಡ ಕೂಡಲೇ ಮ್ಯೂಸಿಕ್ ಮೂತಿ ತಗ್ಗಿಸಿ ಅದರ ಕೆಳಗಿನಿಂದಲೇ ನುಗ್ಗಿಸಿದ. ಬೀಳ್ಕೊಡಲು ಜೊತೆಗೆ ಹಾರುತ್ತಿದ್ದ ವಿಮಾನಗಳೂ ಹಿಂದೆಯೇ ನುಗ್ಗಿದವು. ದಡದಲ್ಲಿದ್ದ ಜನ ಇದೂ ಕಾರ್ಯಕ್ರಮದ ಭಾಗ ಅಂದುಕೊಂಡಿರಬೇಕು. ಹಳೆಯ ಡೇರ್‌ಡೆವಿಲ್ ಎಲ್ಲೂ ಹೋಗಿರಲಿಲ್ಲ, ಬೇಕಾದಾಗ ಮಾತ್ರ ಹೊರಗೆ ಬರುತ್ತಿದ್ದ.

ಹೊನೊಲುಲು, ಮಿಡ್‌ವೇ, ವೇಕ್, ಗುವಾಮ್, ಮನಿಲಾ. ಒಟ್ಟು ಸುಮಾರು 13,000 ಕಿ.ಮೀ, ಗಾಳಿಯಲ್ಲಿ ಕಳೆದ ಹೊತ್ತು ಸುಮಾರು 60 ಗಂಟೆ. ನವೆಂಬರ್ 29ಕ್ಕೆ ಮನಿಲಾ. ಇದರಲ್ಲಿ ವೇಕ್ ದ್ವೀಪವನ್ನು ಮ್ಯಾಪಿನಲ್ಲಿ ಒಮ್ಮೆ ಹುಡುಕಿ ನೋಡಿ, ಝೂಮ್ ಮಾಡಿ ಮಾಡಿ ಸುಸ್ತಾಗುತ್ತದೆ. ಕುಡಿಯುವ ನೀರಿಲ್ಲ, ಜನರಿಲ್ಲ. ಆ ವರ್ಷದ ಬೇಸಿಗೆಯಲ್ಲಿ 'ನಾರ್ತ್ ಹೇವನ್' ಎಂಬ ಹಡಗು ಅಲ್ಲಿಗೆ ಮರ, ಕಬ್ಬಿಣ, ಜನರೇಟರ್, ಅಡುಗೆ ಪಾತ್ರೆ ಎಲ್ಲ ಹೊತ್ತುಕೊಂಡು ಹೋಗಿ ಇಳಿಸಿತ್ತು. ವಿಮಾನ ಇಳಿಯಲು ಲಗೂನಿನೊಳಗಿನ ಹವಳದ ಬಂಡೆಗಳನ್ನು ಡೈನಮೈಟ್ ಇಟ್ಟು ಸಿಡಿಸಿದ್ದರು. ಅಂಥ ಚುಕ್ಕೆಯೊಂದನ್ನು ಹುಡುಕಿಕೊಟ್ಟ ನ್ಯಾವಿಗೇಟರ್ ಹೆಸರು ಫ್ರೆಡ್ ನೂನನ್. ಎಲ್ಲೋ ಕೇಳಿದ ಹಾಗಿದೆಯಾ? ಅಮೇಲಿಯಾ ಇಯರ್‌ಹಾರ್ಟ್ ಜೊತೆ ಕರಾಚಿ, ಕಲ್ಕತ್ತಗಳ ಮೂಲಕ ಹಾದು ಹೋಗಿ, 1937ರ ಜುಲೈ 2ರಂದು ಅವಳೊಂದಿಗೇ ಶಾಂತ ಸಾಗರದಲ್ಲಿ ಕಾಣೆಯಾದನಲ್ಲ, ಅವನೇ.

ಈ ಪ್ರಯಾಣದ ಬಗ್ಗೆ ಪೈಲಟ್‌ಗಳು ಹೇಳಿಕೊಳ್ಳುವ ಒಂದು ಕತೆ ಇದೆ. ಕಂಪನಿಯ ಪ್ರಚಾರ ವಿಭಾಗದವರು ಮ್ಯೂಸಿಕ್‌ಗೆ ರೇಡಿಯೊದಲ್ಲಿ ದುಂಬಾಲು ಬಿದ್ದರಂತೆ. ಶಾಂತ ಸಾಗರದ ಮೇಲಿನ ಸೂರ್ಯಾಸ್ತದ ಬಗ್ಗೆ ಏನಾದರೂ ಕಳಿಸು, ಪತ್ರಿಕೆಯವರು ಕಾಯುತ್ತಿದ್ದಾರೆ ಅಂತ. ಇವನು ಕಳಿಸಿದ್ದು ಸೂರ್ಯ ಮುಳುಗಿದ ಸಮಯ ಮಾತ್ರ. ಗ್ರೀನ್‌ವಿಚ್ ಲೆಕ್ಕದಲ್ಲಿ :) ಮಾತು ಬಾರದಿದ್ದರೇನು, 1935ರ ಡಿಸೆಂಬರ್ 2ರ 'ಟೈಮ್' ಪತ್ರಿಕೆಯ ಮುಖಪುಟಕ್ಕೆ ಇವನದೇ ಚಿತ್ರ. ಮರುವರ್ಷ ಹಾಲಿವುಡ್‌ನಲ್ಲಿ 'ಚೈನಾ ಕ್ಲಿಪ್ಪರ್' ಅಂತಲೇ ಸಿನಿಮಾ ಬಂತು, ಪೈಲಟ್ ಪಾತ್ರದಲ್ಲಿ ಹಂಫ್ರಿ ಬೊಗಾರ್ಟ್.

ಮುಂದಿನ ಗುರಿ ನ್ಯೂಜಿಲೆಂಡ್. ಈ ದಾರಿ ಮನಿಲಾದ ದಾರಿಗಿಂತ ಕೆಟ್ಟದ್ದು. ಹೊನೊಲುಲುವಿನಿಂದ ಸುಮಾರು 1,700 ಕಿ.ಮೀ ಹೋದರೆ ಕಿಂಗ್‌ಮನ್ ರೀಫ್. ದ್ವೀಪ ಅನ್ನಲೂ ಆಗದ ಹವಳದ ದಿಬ್ಬ, ನೀರಿನಿಂದ ತಲೆ ಎತ್ತಿದ್ದೇ ಒಂದೆರಡು ಅಡಿ. ಕಟ್ಟಡ ಕಟ್ಟಲು ಜಾಗವೇ ಇಲ್ಲದ ಕಾರಣ 'ನಾರ್ತ್ ವಿಂಡ್' ಎಂಬ ಹಡಗನ್ನೇ ಅಲ್ಲಿ ಲಂಗರು ಹಾಕಿ ನಿಲ್ಲಿಸಿದರು. ಅದೇ ಪೆಟ್ರೋಲ್ ಬಂಕು, ಅದೇ ರೇಡಿಯೊ ಕೇಂದ್ರ, ಅದೇ ಹೋಟೆಲು. ಅಲ್ಲಿಂದ ಇನ್ನೂ 2,500 ಕಿ.ಮೀ ಹೋದರೆ ಅಮೆರಿಕನ್ ಸಮೋವಾದ ಪಾಗೊ ಪಾಗೊ. ನೋಡಲು ಬಹಳ ಸುಂದರ. ಸತ್ತ ಜ್ವಾಲಾಮುಖಿಯ ಬಾಯಿಗೆ ಸಮುದ್ರ ನುಗ್ಗಿ ಆದ ಬಂದರು ಅದು, ಸುತ್ತಲೂ ಕಡಿದಾದ ಹಸಿರು ಬೆಟ್ಟ. ಆದರೆ ದೊಡ್ಡ ವಿಮಾನ ಇಳಿಸುವವನಿಗೆ ಅದು ಬಾವಿ. ಬೆಟ್ಟದ ನೆತ್ತಿಯನ್ನು ದಾಟಿದ ಕೂಡಲೇ ರೆಕ್ಕೆಯ ಫ್ಲ್ಯಾಪ್‌ಗಳನ್ನು ಪೂರ್ತಿ ಇಳಿಸಿ, ಕಡಿದಾಗಿ ಕೆಳಗಿಳಿದು, ಉಳಿದ ಚಿಕ್ಕ ಜಾಗದಲ್ಲಿ ನಿಲ್ಲಿಸಬೇಕು. ಹಗುರ ವಿಮಾನವಾದರೆ ಪರವಾಗಿಲ್ಲ. ಟ್ಯಾಂಕ್ ತುಂಬಾ ಪೆಟ್ರೋಲ್ ಇದ್ದರೆ ಸಾಧ್ಯವೇ ಇಲ್ಲ.

1937ರ ಮಾರ್ಚ್‌ನಲ್ಲಿ ಮ್ಯೂಸಿಕ್ ಈ ದಾರಿಯನ್ನು ಎಸ್-42ಬಿ ವಿಮಾನದಲ್ಲಿ ಮೊದಲ ಬಾರಿ ಹಾರಿ, ಮಾರ್ಚ್ 30ರಂದು ಆಕ್ಲೆಂಡ್ ತಲುಪಿದ. ಊರಿಗೆ ಊರೇ ಬಂದು ಸ್ವಾಗತಿಸಿತು. ಹಡಗಿನಲ್ಲಿ ವಾರಗಟ್ಟಲೆ ದೂರದಲ್ಲಿದ್ದ ದೇಶಕ್ಕೆ ಹೊರಜಗತ್ತು ಹತ್ತಿರ ಬಂದ ದಿನ ಅದು. ಡಿಸೆಂಬರ್ ಕೊನೆಯಲ್ಲಿ ಅದೇ ವಿಮಾನ 'ಸಮೋವನ್ ಕ್ಲಿಪ್ಪರ್' ಎಂಬ ಹೊಸ ಹೆಸರಿನಲ್ಲಿ ಅಂಚೆ ಹೊತ್ತು ಮತ್ತೆ ಆಕ್ಲೆಂಡಿಗೆ ಹೋಯಿತು. ಮರುದಿನವೇ ಬ್ರಿಟಿಷರ ಇಂಪೀರಿಯಲ್ ಏರ್‌ವೇಸ್‌ನ 'ಸೆಂಟಾರಸ್' ಕೂಡ ಅಲ್ಲಿ ಬಂದು ಇಳಿಯಿತು. ಅದು ಬಂದಿದ್ದು ಇಂಗ್ಲೆಂಡಿನಿಂದ. ಅಂದ ಹಾಗೆ ಸ್ವಲ್ಪವೇ ದಿನಗಳಲ್ಲಿ ಇಂಪೀರಿಯಲ್‌ನ ಇದೇ ಜಾತಿಯ ವಿಮಾನಗಳು ರಾಜಸ್ಥಾನದ ರಾಜಸಮಂದ್ ಕೆರೆಯಲ್ಲೂ ಇಳಿಯತೊಡಗಿದವು. ಬೆಳ್ಳಂದೂರೇ ಮೊದಲಲ್ಲ ನೋಡಿ.

1938ರ ಜನವರಿ 11. ಎರಡನೇ ಅಂಚೆ ಪ್ರಯಾಣ. ಬೆಳಗಿನ ಜಾವ ಪಾಗೊ ಪಾಗೊದಿಂದ ಮ್ಯೂಸಿಕ್ ಮತ್ತು ಆರು ಜನ ಆಕ್ಲೆಂಡಿಗೆ ಹೊರಟರು. ಮುಂದೆ ಸುಮಾರು 2,900 ಕಿ.ಮೀ ಇರುವುದರಿಂದ ಟ್ಯಾಂಕ್‌ಗಳು ತುಂಬಿದ್ದವು. ಹೊರಟ ಸ್ವಲ್ಪ ಹೊತ್ತಿಗೆ ನಾಲ್ಕನೇ ಎಂಜಿನ್‌ನಿಂದ ಆಯಿಲ್ ಸೋರುತ್ತಿದೆ ಅಂತ ರೇಡಿಯೊ ಸಂದೇಶ ಬಂತು. ವಾಪಸ್ ಬರುತ್ತಿದ್ದೇವೆ.

ಇದು ಭಯಪಡುವ ಸುದ್ದಿ ಆಗಿರಲಿಲ್ಲ. ಉಳಿದ ಮೂರು ಎಂಜಿನ್‌ಗಳಲ್ಲಿ ಆ ವಿಮಾನ ಆರಾಮಾಗಿ ಹಾರಬಲ್ಲದು. ಬೇರೆ ಯಾರಾದರೂ ಮುಂದೆ ಹೋಗುತ್ತಿದ್ದರೋ ಏನೋ, ಮ್ಯೂಸಿಕ್ ತಿರುಗಿದ. ಇಷ್ಟು ವರ್ಷ ಅವನನ್ನು ಬದುಕಿಸಿದ್ದು ಆ ಗುಣವೇ. ಆದರೆ ತುಂಬಿದ ಟ್ಯಾಂಕ್ ಇಟ್ಟುಕೊಂಡು ಆ ಬಾವಿಯಂಥ ಬಂದರಿಗೆ ಇಳಿಯುವ ಹಾಗಿಲ್ಲ. ಪೆಟ್ರೋಲನ್ನು ಗಾಳಿಯಲ್ಲೇ ಸುರಿದು ಹಗುರಾಗಬೇಕು. ಅದಕ್ಕೆಂದೇ ವಾಲ್ವ್‌ಗಳು ಇದ್ದವು. ಸುರಿಯುವಾಗ ಕಿಡಿ ಏಳಬಾರದೆಂದು ರೇಡಿಯೊ ಕೂಡ ಬಂದ್ ಮಾಡಬೇಕು. ಎಂಟೂವರೆ ಸುಮಾರಿಗೆ ಆ ಸಂದೇಶವೂ ಬಂತು: ಇಂಧನ ಸುರಿಯುತ್ತೇವೆ, ಅಲ್ಲಿಯವರೆಗೆ ರೇಡಿಯೊ ಇರುವುದಿಲ್ಲ.

ಆಮೇಲೆ ಏನೂ ಬರಲಿಲ್ಲ.

ಅಮೆರಿಕದ ನೌಕಾಪಡೆಯ 'ಅವೊಸೆಟ್' ಹಡಗು ಹುಡುಕಿಕೊಂಡು ಹೋದಾಗ ಪಾಗೊ ಪಾಗೊದಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ನೀರಿನ ಮೇಲೆ ಎಣ್ಣೆ ಹರಡಿತ್ತು. ಒಡೆದ, ಸುಟ್ಟ ಚೂರುಗಳು ತೇಲುತ್ತಿದ್ದವು. ಏಳು ಜನರಲ್ಲಿ ಒಬ್ಬರ ದೇಹವೂ ಸಿಗಲಿಲ್ಲ. ಮ್ಯೂಸಿಕ್‌ಗೆ ಆಗ 43 ವರ್ಷ. ಸುರಿದ ಪೆಟ್ರೋಲಿನ ಆವಿ ದೂರ ಹಾರಿಹೋಗದೆ ರೆಕ್ಕೆಯ ಅಡಿಯಲ್ಲೇ ಸುತ್ತಿಕೊಂಡು, ಎಂಜಿನ್ನಿನ ಬಿಸಿ ಹೊಗೆಯಿಂದಲೋ ಫ್ಲ್ಯಾಪ್ ಇಳಿಸುವ ಮೋಟಾರಿನ ಕಿಡಿಯಿಂದಲೋ ಹತ್ತಿಕೊಂಡಿತು ಅನ್ನುವುದು ತಿಳಿದವರ ಬಲವಾದ ಊಹೆ. ನೋಡಿದವರು ಯಾರೂ ಉಳಿದಿಲ್ಲ.

ಇದನ್ನು ಓದಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲು ಆಗಲಿಲ್ಲ. ಸಾಹಸ ಮಾಡಲು ಹೋಗಿ ಸತ್ತ ಪೈಲಟ್‌ಗಳ ಕತೆ ಎಷ್ಟೋ ಇವೆ. ಈತ ಸತ್ತಿದ್ದು ನಿಯಮದ ಪ್ರಕಾರ ನಡೆದುಕೊಳ್ಳುವಾಗ. ಎಂಜಿನ್ ಸರಿಯಿಲ್ಲ, ತಿರುಗಿದ. ಭಾರ ಜಾಸ್ತಿ, ಸುರಿದ. ಕಿಡಿ ಏಳಬಾರದು, ರೇಡಿಯೊ ಆರಿಸಿದ. ಒಂದೊಂದೂ ಸರಿಯಾದ ಹೆಜ್ಜೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ರೋಲ್‌ಬ್ಯಾಕ್ ಅಂತ ಒಂದಿದೆ. ಹೊಸ ರಿಲೀಸ್ ಹಾಕಿದಾಗ ಏನಾದರೂ ಎಡವಟ್ಟಾದರೆ ಹಳೆಯದಕ್ಕೆ ವಾಪಸ್ ಹೋಗುವ ದಾರಿ. ಮುಂದೆ ಹೋಗುವ ದಾರಿಯನ್ನು ನೂರು ಸಲ ಪರೀಕ್ಷೆ ಮಾಡುತ್ತಾರೆ. ವಾಪಸ್ ಬರುವ ದಾರಿ ಡಾಕ್ಯುಮೆಂಟ್‌ನಲ್ಲಿ ಇರುತ್ತದೆ, ಚೆಕ್‌ಲಿಸ್ಟ್‌ನಲ್ಲಿ ಟಿಕ್ ಕೂಡ ಆಗಿರುತ್ತದೆ, ನಡೆದು ನೋಡಿದವರು ಕಮ್ಮಿ. ಪ್ಯಾನ್ ಅಮೆರಿಕನ್ ಹತ್ತು ವರ್ಷ ಕಷ್ಟಪಟ್ಟು ಕಟ್ಟಿದ್ದು ಯಾವಾಗ ತಿರುಗಬೇಕು ಅನ್ನುವ ವಿದ್ಯೆಯನ್ನು. ಅದರಲ್ಲಿ ಅವರಷ್ಟು ಪಳಗಿದವರು ಆಗ ಬೇರೆ ಇರಲಿಲ್ಲ. ತಿರುಗಿದ ಮೇಲೆ ಪಾಗೊ ಪಾಗೊದಂಥ ಜಾಗದಲ್ಲಿ, ತುಂಬಿದ ಟ್ಯಾಂಕ್ ಇಟ್ಟುಕೊಂಡು ಹೇಗೆ ಇಳಿಯಬೇಕು ಅನ್ನುವ ಕಡೆಯ ಹತ್ತು ನಿಮಿಷದ ದಾರಿ ಮಾತ್ರ ಅಷ್ಟು ಸವೆದಿರಲಿಲ್ಲ. ಹಾಗಂತ ನನ್ನ ಲೆಕ್ಕ. ಆ ಬಂದರನ್ನು ಆರಿಸಿದ್ದು ಮ್ಯೂಸಿಕ್ ಅಲ್ಲ ಅನ್ನುವುದನ್ನೂ ಸೇರಿಸಬೇಕು. ನಕ್ಷೆಯ ಮೇಲೆ ಅಮೆರಿಕದ ಬಾವುಟ ಇದ್ದ ಚುಕ್ಕೆಗಳು ಆ ದಿಕ್ಕಿನಲ್ಲಿ ಇದ್ದಿದ್ದೇ ಅವು.

ಕಂಪನಿ ನ್ಯೂಜಿಲೆಂಡಿನ ಸೇವೆಯನ್ನು ನಿಲ್ಲಿಸಿತು. 1940ರಲ್ಲಿ ಮತ್ತೆ ಶುರುವಾದಾಗ ವಿಮಾನ ಬೇರೆ (ಇನ್ನೂ ದೊಡ್ಡದಾದ ಬೋಯಿಂಗ್ 314), ದಾರಿಯೂ ಬೇರೆ. ಕಿಂಗ್‌ಮನ್ ರೀಫೂ ಇಲ್ಲ, ಪಾಗೊ ಪಾಗೊವೂ ಇಲ್ಲ, ಕ್ಯಾಂಟನ್ ದ್ವೀಪ ಮತ್ತು ನ್ಯೂ ಕ್ಯಾಲೆಡೋನಿಯಾ ಮೂಲಕ. ಎಂ-130ಗಳಲ್ಲಿ ಒಂದಾದ 'ಹವಾಯಿ ಕ್ಲಿಪ್ಪರ್' 1938ರ ಜುಲೈಯಲ್ಲೇ ಗುವಾಮ್ ಮತ್ತು ಮನಿಲಾ ನಡುವೆ 15 ಜನರೊಂದಿಗೆ ಕಾಣೆಯಾಯಿತು. 'ಫಿಲಿಪೈನ್ ಕ್ಲಿಪ್ಪರ್' 1943ರಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟಕ್ಕೆ ಬಡಿಯಿತು. ಮ್ಯೂಸಿಕ್‌ನ 'ಚೈನಾ ಕ್ಲಿಪ್ಪರ್' 1945ರ ಜನವರಿಯಲ್ಲಿ ಟ್ರಿನಿಡಾಡ್‌ನ ಬಂದರಿನಲ್ಲಿ ಇಳಿಯುವಾಗ ಒಡೆದು ಮುಳುಗಿತು. ಅಷ್ಟು ಹೊತ್ತಿಗೆ ಯುದ್ಧದ ನೆಪದಲ್ಲಿ ಎಲ್ಲೆಲ್ಲೂ ರನ್‌ವೇಗಳು ಎದ್ದಿದ್ದವು, ಪ್ರಯಾಣಿಕರ ದೊಡ್ಡ ಸಮುದ್ರ ವಿಮಾನಗಳ ಕಾಲವೇ ಮುಗಿಯುತ್ತಾ ಬಂದಿತ್ತು.

ಆಕ್ಲೆಂಡಿನ ಜನ ಮಾತ್ರ ಅವನನ್ನು ಮರೆಯಲಿಲ್ಲ. ಊರಿನ ಪೂರ್ವಕ್ಕೆ ಸಮುದ್ರದೊಳಕ್ಕೆ ಚಾಚಿದ ಒಂದು ಭೂಶಿರಕ್ಕೆ ಮ್ಯೂಸಿಕ್ ಪಾಯಿಂಟ್ ಎಂದು ಹೆಸರಿಟ್ಟರು. 1942ರಲ್ಲಿ ಅಲ್ಲಿ ಅವನ ನೆನಪಿಗೆ ಒಂದು ರೇಡಿಯೊ ಕೇಂದ್ರ ತೆರೆಯಿತು. ಹಡಗುಗಳ, ವಿಮಾನಗಳ ಜೊತೆ ಮಾತಾಡುವುದು ಅದರ ಕೆಲಸವಾಗಿತ್ತು. ಪಕ್ಕದಲ್ಲೇ ಒಂದು ಗಾಲ್ಫ್ ಮೈದಾನವೂ ಇದೆ. ನ್ಯೂಜಿಲೆಂಡ್‌ನಲ್ಲಿರುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಭಾನುವಾರ ಹೋಗಿ ಬನ್ನಿ. ಫೋಟೊ ತೆಗೆದರೆ ನನಗೂ ಒಂದು ಕಳಿಸಿ.